ಸುಣ್ಣದ ಗೆರಿ

ಮಕ್ತುಮ ನಾಲಬಂದ ಬರ್ತಾನಂತ
ಶನಿವಾರನ ಸುದ್ದಿ ಹಬ್ಬಿತ್ತು.
ವರ್ಕ್‌ಶಾಪಿನ ಭೋಂಗಾ ಆದಮ್ಯಾಲೂ
ಸೈಕಲ್ಲು ಮನಿ ಕಡೆ ತಿರುಗಲಿಲ್ಲ.
ಗದಗ ರೋಡಿನ ಚಾದಂಗಡ್ಯಾಗ ನಿಂತಲ್ಲೇ ಅವನ್ನ
ಕೋಚ್ ಮಾಡಿದ ಬೆಂಜಮಿನ್,
ಮ್ಯಾನೇಜರ್ ಮಾಡಿದ ಕೊಟ್ರಪ್ಪ ಫಿಟ್ಟರ್,
ಇನ್ನೊಬ್ಬಂವ, ಹೆಸರು ಬ್ಯಾಡ,
ಐವತ್ತೆರಡರ ವಯಸ್ಸಿನ್ಯಾಗ ಮತ್ತ ಬೂಟು ಹಾಕಿಸಿ
ಸೆಂಟರ್ ಫಾರ್ವರ್ಡ್ ನಿಲ್ಲಿಸೇಬಿಟ್ಟ.

ಆ ಎಡಗಾಲಂದ್ರ ಎಡಗಾಲು.
ಟಾಂಗಾ ಸ್ಟ್ಯಾಂಡಿನ್ಯಾಗ ಕುದರಿಗೆ ನಾಲು ಬಡಿತಿದ್ದ ಅವರಪ್ಪ
ಒಂದು ನಾಲು ಮಗನ ಕಾಲಿಗೂ ಬಡದಾನ
ಅಂತ ಗದಗಿನ ಗೋಲ್‌ಕೀಪರ್ ಅತ್ತಿದ್ದು
ನಾವು ಕಂಡೇವಿ. ಕಂಡಿಲ್ಲದವರೂ ಕಂಡೇವಿ ಅಂತಾರ.

ಆದಿತ್ಯವಾರ. ಬಿಸಲು ಹೆಂಗಿತ್ತಂದ್ರ
ಗಿರಮಿಟ್ಟಿನ ಮ್ಯಾಲಿನ ಉಳ್ಳಾಗಡ್ಡಿ ಬಾಡಿತ್ತು.
ಬೇವಿನ ಗಿಡದ ನೆರಳಿಗೆ ಜಗಳ.
ಗೇಟು ದಾಟಿ ಬಂದ.
ಹೊಟ್ಟಿ ಸ್ವಲ್ಪ, ಗಡ್ಡ ಬಿಳಿ,
ನಡಗಿ ಮಾತ್ರ ಅದ, ಎಡಕ್ಕ ವಾಲಿ,
ನೆಲಾನ ಚೆಂಡು ಅನ್ನೋಹಂಗ.
ಚಪ್ಪಾಳಿ, ಕೂಗು, ಒಂದು ಸರ ಪಟಾಕಿ;
ಹಸಿ ಇತ್ತು, ಅರ್ಧ ಹಾರಿತು.
ಅಂವ ನಮ್ಮ ಹುಡುಗರ ಕಡೆ ಹೋಗಲಿಲ್ಲ.
ಅವರ ಕಡೆನೂ ಹೋಗಲಿಲ್ಲ.
ನಡು ಬಯಲಿಗೆ ಹೋಗಿ
ಬಿಳೀ ಅಂಗಿ ಗುಂಡಿ ಬಿಚ್ಚಿದ. ಒಳಗ ಕರೇದು.
ಕೊರಳಾಗ ಸೀಟಿ.

ಒಂದು ಗಳಿಗಿ ಯಾರಿಗೂ ಮಾತು ಹೊಂಡಲಿಲ್ಲ,
ಮದುಮಗ ಬರ್ತಾನಂತ ಹಂದರದಾಗ ನಿಂತವರ ಮುಂದ
ಫೌಜದಾರ ಬಂದು ಇಳದಂಗ.
ಆಮ್ಯಾಲೆ ಕೊಟ್ರಪ್ಪ ಅಂದ:
'ಛಲೋನ ಆತು ಬಿಡ್ರಿ. ನಮ್ಮಂವ. ನೋಡ್ಕೋತಾನ.'
ನಮಗೂ ಹಂಗ ಅನ್ನಿಸಿತು.
ಉಳ್ಳಾಗಡ್ಡಿಗೂ ಜೀವ ಬಂತು.

ಅರವತ್ತೆಂಟನೇ ಮಿನಿಟು. ಒಂದಕ್ಕ ಒಂದು.
ನಮ್ಮ ಫಯಾಜನ ಮೊಣಕೈಗೆ ಚೆಂಡು
ತಾಗಿತೋ ಇಲ್ಲೋ...
ತಾಗಿತ್ತು. ಬೇವಿನ ಗಿಡಕ್ಕೂ ಕಾಣ್ತು.
ಸೀಟಿ.
ಬೊಟ್ಟು ಪೆನಾಲ್ಟಿ ಜಾಗಾಕ್ಕ.

ಯಪ್ಪಾ, ಆಗಿನ ಬೈಗಳ
ಇಲ್ಲಿ ಬರದ್ರ ಹಾಳಿ ಸುಟ್ಟೀತು.
ಇದ ಕಾಲಿಗೆ ನಾವು ಬೆಳ್ಳಿ ಕಡಗ ಮಾಡಿಸಿದ್ವಿ,
ಪಗಾರದಾಗ ಐದೈದು ರೂಪಾಯಿ ಮುರದು.
'ಕಡಗ ತಿರುಗಿ ಕೊಡಲೇ' ಅಂದ ಬೆಂಜಮಿನ್;
ಅವನ ದನಿ ಒಡೀತು.
ಮಗನಿಗೆ ಮಕ್ತುಮ ಅಂತನ ಹೆಸರಿಟ್ಟಾಂವ ಅಂವ,
ಚರ್ಚಿನ ಫಾದರ್ ಬ್ಯಾಡಂದ್ರೂ.

ನಾ ಬೈಲಿಲ್ಲ.
ಬೈಯಾಕ ಬಾಯಿ ತಗದ್ರ ಬಾಯಾಗ
ಬರೇ ಸುಣ್ಣದ ರುಚಿ.

ಯಾಕಂದ್ರ ಅಂವ 'ನಾಲಬಂದ' ಆದ ಆ ಫೈನಲ್ಲಿನ್ಯಾಗ
ಇದ ಗೆರಿಗುಂಟ ನಿಶಾನಿ ಹಿಡದು ಓಡಿದಂವ ನಾನು.
ಚೆಂಡು ಗೆರಿ ದಾಟಿತ್ತು.
ಒಂದು ಗೇಣು.
ಅಂವ ಹೊರಗಿಂದ ಎಳಕೊಂಡು ತಂದು, ಇಬ್ಬರನ್ನ ತಪ್ಪಿಸಿ
ಹೊಡದ. ಬಲಿ ಹರೀತು.
ನನ್ನ ನಿಶಾನಿ ತೊಡಿಗೆ ಅಂಟಿಕೊಂಡಿತ್ತು
ಹಸಿ ಬಟ್ಟಿ ಹಂಗ.
ಗೋಲು ನೋಡದ ಅಂವ ತಿರುಗಿ ನನ್ನ ನೋಡಿದ.
ಅಷ್ಟರಾಗ ಮಂದಿ ಅವನ್ನ ಹೆಗಲಿಗೆ ಏರಿಸಿದ್ರು.
ಈ ಮಾತು ನಾ ಹೆಂಡ್ತಿಗೂ ಹೇಳಿಲ್ಲ.

ಎರಡಕ್ಕ ಒಂದು. ಸೋಲಾಕ ಹತ್ತಿದ್ವಿ.
ಕಡೀ ಮಿನಿಟು. ಫಯಾಜ ನನ್ನ ಮುಂದನ
ಚೆಂಡು ಎಳಕೊಂಡು ಹೊಂಟ.
ತುಳದು ತುಳದು ಗೆರಿ ಅಳಸಿತ್ತು.
ಲೈನ್‌ಮನ್ ಹುಡುಗ ಹೊಸಬ, ಹಿಂದ ಬಿದ್ದಿದ್ದ.
ಚೆಂಡು ಹೊರಗ. ಒಂದು ಗೇಣು.
'ಹೊಡಿ ಲೇ ಫಯಾಜಾ' ಅಂತ ಮಂದಿ ಎದ್ದು ನಿಂತಿತು.

ನನ್ನ ಕೈಯೂ ಎದ್ದಿತ್ತು.
ನಿಶಾನಿ ಎಲ್ಲಿಂದ ಬರಬೇಕು,
ಎಣ್ಣಿ ಕುಡದ ಗಿರಮಿಟ್ಟಿನ ಹಾಳಿ ಇತ್ತು ಕೈಯಾಗ.
ಅಷ್ಟು ದೂರದಿಂದ ಅಂವ ಹಾಳಿ ನೋಡಿದ,
ನನ್ನ ನೋಡಿದ,
ಸೀಟಿ ತುಟಿಗೆ ಒಯ್ದ.

ಬಾಜೂಕ ಕುಂತಿದ್ದ ಕೊಟ್ರಪ್ಪ
ಒಂದು ಗೇಣು ಸರದು ಕುಂತ.